ಚಿಪ್ಪಿನ ಮೀನಿಗೆ ಮುನಿಆಂಜನಪ್ಪನವರ ಕೈಗುಣ

ಕೃಷ್ಣರಾಜಪುರದಲ್ಲಿ ನಮ್ಮ ಮನೆ ಮಾಲೀಕರಾಗಿದ್ದ ಮುನಿಆಂಜನಪ್ಪನವರಿಗೆ ಬಾರದ ವಿದ್ಯೆ ಒಂದೇ, ಕೈಯನ್ನು ಸುಮ್ಮನೆ ಇಟ್ಟುಕೊಳ್ಳುವುದು. ಮೆಟ್ಟಿಲ ಬಳಿ ನಾನು ಬಿಟ್ಟ ಚಪ್ಪಲಿ ಸೊಟ್ಟಗಿದ್ದರೆ ಬಗ್ಗಿ ನೇರ ಮಾಡುವರು. ತಂತಿಯ ಮೇಲೆ ಒಣಹಾಕಿದ ಸೀರೆಯ ಅಂಚು ಏರುಪೇರಾಗಿದ್ದರೆ ಎಳೆದು ಸರಿ ಮಾಡುವರು. ತರಕಾರಿ ಗಾಡಿ ಬಂದು ನಿಂತರೆ ಬದನೆಕಾಯಿ ಕೊಳ್ಳುವುದು ಅವರ ಹೆಂಡತಿ ಚಿಕ್ಕಮುನಿಯಮ್ಮ, ಗಾಡಿಯಲ್ಲಿ ಉಳಿದ ಬದನೆಕಾಯಿಗಳನ್ನು ಸಾಲಾಗಿ ಜೋಡಿಸಿಕೊಟ್ಟು ಬರುವುದು ಇವರು. ನಾನು ಹಲಸೂರಿನ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಒಂಬತ್ತು ವರ್ಷ ಅವರ ಮಹಡಿಯಲ್ಲಿ ಬಾಡಿಗೆಗಿದ್ದರೂ ಇದು ರೋಗವೋ ಗುಣವೋ ಎಂಬುದು ನನಗೆ ತೀರ್ಮಾನವಾಗಲಿಲ್ಲ.

ಊರಿನ ಹಳಬರಿಗೆ ಆ ಅನುಮಾನವೇ ಇರಲಿಲ್ಲ. ಅದು ಕೈಗುಣ ಎನ್ನುವರು. ಸುತ್ತ ಇನ್ನೂ ಹೊಲಗಳಿದ್ದ ಕಾಲದಲ್ಲಿ ಬಿತ್ತನೆಯ ದಿನ ಜನ ಇವರನ್ನು ಕರೆದುಕೊಂಡು ಹೋಗಿ, ಇವರ ಮನೆಯ ಬೀಜದಿಂದ ಇವರ ಬಲಗೈಯಲ್ಲೇ ಮೊದಲ ಹಿಡಿ ರಾಗಿ ಹಾಕಿಸುತ್ತಿದ್ದರಂತೆ. ಇವರು ನೆಟ್ಟ ಕಡ್ಡಿ ಚಿಗುರುತ್ತಿತ್ತಂತೆ. ಮೇವು ಬಿಟ್ಟ ಎಮ್ಮೆಯ ಬೆನ್ನು ಇವರು ಸವರಿದರೆ ಅದು ಬೆಳಗಾಗುವುದರೊಳಗೆ ಮೆಲುಕು ಹಾಕುತ್ತಿತ್ತಂತೆ. ಆಮೇಲೆ ಹೊಲಗಳು ಸೈಟುಗಳಾದವು, ಸೈಟುಗಳು ಮನೆಗಳಾದವು. ಬಾಡಿಗೆ ಮನೆಗೆ ಬಿತ್ತುವುದೂ ಬೇಡ, ಕಳೆ ಕೀಳುವುದೂ ಬೇಡ. ಕೈ ತುರಿಸಿ ಹಿತ್ತಲಲ್ಲಿ ಒಂದು ಕರಿಬೇವು ಹಾಕಿದರು. ಬೇರು ಹಿಡಿಯಿತೋ ಇಲ್ಲವೋ ಎಂದು ವಾರಕ್ಕೊಮ್ಮೆ ಕಿತ್ತು ನೋಡಿದರು. ಬೇರು ಹಿಡಿಯಲು ಅದಕ್ಕೆ ಪುರಸೊತ್ತಾದರೂ ಎಲ್ಲಿತ್ತು, ಒಣಗಿತು.

"ಹೊಲ ಮಾರಿದ್ಮೇಲೆ ಮುನಿಆಂಜನಪ್ಪನ ಕೈಗುಣಾನೂ ಹೋಯ್ತು ಬುಡು" ಎಂದು ಟೀ ಅಂಗಡಿಯಲ್ಲಿ ಯಾರೋ ಅಂದದ್ದು ಇವರ ಕಿವಿಗೆ ಬಿತ್ತು. ಅರವತ್ತೆರಡು ವರ್ಷದ ಗಂಡಸು ಅಂದು ರಾತ್ರಿ ಊಟ ಬಿಟ್ಟು ಮಲಗಿದರು. ಚಿಕ್ಕಮುನಿಯಮ್ಮ ನನಗೆ ಅದನ್ನು ಹೇಳಿದಾಗ ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆ ಮಾತು ಅವರನ್ನು ಎಷ್ಟು ತಿನ್ನುತ್ತಿತ್ತು ಎಂಬುದು ನನಗೆ ಮೀನು ಬಂದ ಮೇಲೆ ತಿಳಿಯಿತು.

ಮೀನು ಬಂದದ್ದು ಎರಡು ಸಾವಿರದ ಒಂದರ ದೀಪಾವಳಿ ಹೊತ್ತಿಗೆ. ಗಂಡಹೆಂಡತಿ ಸೀರೆ ತರಲು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದರು. ಅಂಗಡಿಯವನು ಬಿಚ್ಚಿ ಹಾಕಿದ ಸೀರೆಗಳನ್ನೆಲ್ಲ ಇವರು ಮಡಿಸಿ ಮಡಿಸಿ ಇಡುತ್ತ ಹೋದದ್ದರಿಂದ ಚಿಕ್ಕಮುನಿಯಮ್ಮನಿಗೆ ಒಂದನ್ನೂ ಸರಿಯಾಗಿ ನೋಡಲಾಗಲಿಲ್ಲ. "ಈವಯ್ಯನ್ನ ಯಾರಾದ್ರೂ ಆಚೆ ಕಳಿಸ್ರಪ್ಪ" ಎಂದರಂತೆ. ಆಚೆ ಹೋದವರು ನಡೆಯುತ್ತ ನಡೆಯುತ್ತ ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಗೆ ಬಂದು, ಶೌಕತ್ ಎಂಬುವರ ಬಣ್ಣದ ಮೀನಿನ ಅಂಗಡಿಯ ಮುಂದೆ ನಿಂತರು.

ಅಲ್ಲೊಂದು ಗಾಜಿನ ತೊಟ್ಟಿಯ ಮೂಲೆಯಲ್ಲಿ ಹೆಬ್ಬೆರಳಿನಷ್ಟೂ ಇಲ್ಲದ ಎಂಟು ಮೀನುಗಳಿದ್ದವು. ಮೈಮೇಲೆ ಕಂದು ಪಟ್ಟೆ, ಕಣ್ಣಿಗೆ ನೀಲಿ ಹೊಳಪು. ಕೈ ಅಲ್ಲಾಡಿಸಿದರೆ ಎಂಟೂ ಓಡಿ ಖಾಲಿ ಬಸವನಹುಳುವಿನ ಚಿಪ್ಪುಗಳೊಳಗೆ ಸೇರಿಕೊಳ್ಳುತ್ತಿದ್ದವು. ಪರದೇಶಕ್ಕೆ ಹೊರಟ ಗಿರಾಕಿಯೊಬ್ಬರು ಬಿಟ್ಟುಹೋದವು ಅವು.

"ಆಫ್ರಿಕಾದ ದೊಡ್ಡ ಕೆರೆ ಮೀನು ಅಣ್ಣಾ" ಎಂದರು ಶೌಕತ್. "ಹುಟ್ಟೋದು, ಮದುವೆ, ಮಕ್ಕಳು, ಎಲ್ಲಾ ಚಿಪ್ಪಲ್ಲೇ. ನಮ್ಮತ್ರ ಒಂದು ವರ್ಷ ಆಯ್ತು, ಮರಿ ಹಾಕಿಲ್ಲ. ಕಾವೇರಿ ನೀರು ಇವಕ್ಕೆ ಆಗೋದಿಲ್ಲ. ಗಡಸು ನೀರು ಬೇಕು, ಎಲ್ಲಿಂದ ತರ್ಲಿ?"

"ಗಡಸು ಅಂದ್ರೆ? ಬೇಳೆ ಬೇಯಲ್ವಲ್ಲ, ಸೋಪು ನೊರೆ ಬರಲ್ವಲ್ಲ, ಆ ನೀರಾ?"

"ಅದೇ ಅಣ್ಣಾ!"

ಆ ನೀರು ಮುನಿಆಂಜನಪ್ಪನವರ ಬೋರ್‌ವೆಲ್ಲಿನಲ್ಲಿ ಬೇಕಾದಷ್ಟಿತ್ತು. ಅವರಿಗೆ ಅಲ್ಲೇ ಹುರುಪು ಹುಟ್ಟಿತು. ಹಳ್ಳಿಯಲ್ಲಿ ಕುರಿಯನ್ನು ಪಾಲಿಗೆ ಸಾಕಲು ಕೊಡುವ ಪದ್ಧತಿ ಇತ್ತು. ಸಾಕುವವನು ಮೇಯಿಸಬೇಕು, ಹುಟ್ಟಿದ ಮರಿ ಇಬ್ಬರಿಗೂ ಸರಿಪಾಲು. ಆ ಲೆಕ್ಕದಲ್ಲೇ ಮೀನು ಕೊಡು ಎಂದು ಕೇಳಿದರು. ಶೌಕತ್ ಮೂವತ್ತು ವರ್ಷದ ವ್ಯಾಪಾರದಲ್ಲಿ ಮೀನನ್ನು ಪಾಲಿಗೆ ಕೇಳಿದವರನ್ನು ಕಂಡಿರಲಿಲ್ಲ. ನಕ್ಕು ಒಪ್ಪಿದರು. ಎರಡು ಮಾತು ಮಾತ್ರ ಹೇಳಿ ಕಳಿಸಿದರು. ಒಂದು, ಮರಳು ದಪ್ಪಗೆ ಹಾಕಬೇಕು. ಇನ್ನೊಂದು, ಆಮೇಲೆ ಕೈ ಹಾಕಬಾರದು. ಎರಡನೆಯ ಮಾತು ಬೇರೆಯವರ ಕೈಗೆ ಹೇಳಿದ್ದು ಎಂದು ಮುನಿಆಂಜನಪ್ಪನವರು ಅರ್ಥ ಮಾಡಿಕೊಂಡರು. ಕೈಗುಣ ಇದ್ದವರಿಗೆ ಅದು ಅನ್ವಯಿಸುತ್ತದೆಯೇ?

ಮುಂದಿನ ವಾರ ಪಡಸಾಲೆಯಲ್ಲಿ ತೊಟ್ಟಿ ಬಂದು ಕೂತಿತು. ಚಿಪ್ಪುಗಳಿಗಾಗಿ ಕೆರೆಯ ಅಂಚಿಗೆ ಹೋಗಿ ಖಾಲಿ ಬಸವನಹುಳುವಿನ ಚಿಪ್ಪುಗಳನ್ನು ಪಂಚೆಯಲ್ಲಿ ಕಟ್ಟಿಕೊಂಡು ತಂದು, ಮುದ್ದೆ ತಿರುವುವ ಪಾತ್ರೆಯಲ್ಲೇ ಕುದಿಯಲು ಇಟ್ಟರು. ಚಿಕ್ಕಮುನಿಯಮ್ಮ ಒಳಗೆ ಬಂದು ಪಾತ್ರೆಗೆ ಇಣುಕಿ, "ಒಗ್ಗರಣೆ ನೀವೇ ಹಾಕ್ತೀರಾ, ನಾನು ಹಾಕ್ಲಾ?" ಎಂದರು. ಆ ಪಾತ್ರೆ ಮತ್ತೆ ಒಲೆ ಹತ್ತಲಿಲ್ಲ.

ನನ್ನ ಪಾಲಿನ ಕೆಲಸ ನೀರಿನ ಪರೀಕ್ಷೆ. ಶಾಲೆಯ ಪ್ರಯೋಗಾಲಯದಿಂದ ನೀರಿನ ಗುಣ ತೋರಿಸುವ ಕಾಗದದ ಪಟ್ಟಿಯೊಂದನ್ನು ತಂದು ಅದ್ದಿದೆ. ಹಸಿರು ದಾಟಿ ನೀಲಿಯ ಕಡೆಗೆ ತಿರುಗಿತು. "ಈ ಮೀನಿಗೆ ಇಂಥದೇ ನೀರು ಬೇಕಂತೆ ಯಜಮಾನ್ರೇ" ಎಂದೆ. ಅಂದಿದ್ದೇ ತಪ್ಪಾಯಿತು. ಅದೇ ನೀರಿನಿಂದ ನನ್ನ ಗೀಸರಿನ ಕಾಯಿಲ್ ಎರಡು ಸಲ ಸುಟ್ಟುಹೋಗಿತ್ತು, ತಲೆಕೂದಲು ಉದುರಿತ್ತು. ಅಂದಿನಿಂದ ನೀರಿನ ಬಗ್ಗೆ ದೂರು ತೆಗೆದರೆ, "ಆಫ್ರಿಕಾದಿಂದ ಬಂದ ಮೀನಿಗೆ ಒಗ್ಗಿದೆ ಟೀಚರಮ್ಮ, ನೀವು ಕೋಲಾರದಿಂದ ಬಂದೋರು, ನಿಮಗೆ ಒಗ್ಗಲ್ವಾ?" ಎನ್ನತೊಡಗಿದರು. ಆ ಕಾಗದದ ಪಟ್ಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು.

ಚಿಪ್ಪುಗಳನ್ನು ಅವರು ಇಟ್ಟ ಬಗೆಯನ್ನು ಹೇಳಲೇಬೇಕು. ಮರಳನ್ನು ಹಲಗೆಯಿಂದ ಮಟ್ಟ ಮಾಡಿ, ಗೇಣು ಬಿಟ್ಟು ಗೇಣಿಗೆ ಒಂದರಂತೆ, ಮೂರು ಸಾಲು ನಾಲ್ಕು ಚಿಪ್ಪು, ಎಲ್ಲದರ ಬಾಯಿಯೂ ಒಂದೇ ಕಡೆಗೆ. ಎಲೆಕೋಸು ನಾಟಿ ಮಾಡಿದ ಹಾಗಿತ್ತು. ಮೀನುಗಳು ಎರಡು ದಿನ ಗಾಬರಿಯಿಂದ ನೋಡಿದವು. ಮೂರನೆಯ ದಿನ ಕೆಲಸಕ್ಕಿಳಿದವು. ಬಾಯಲ್ಲಿ ಮರಳು ಕಚ್ಚಿ ಕಚ್ಚಿ ಉಗಿದು ಗುಂಡಿ ತೋಡಿದವು. ಚಿಪ್ಪನ್ನು ಎಳೆದು, ತಿರುಗಿಸಿ, ಬಾಯಿಯೊಂದೇ ಮೇಲೆ ಕಾಣುವಂತೆ ಹೂತವು. ಒಂದು ಚಿಪ್ಪು ಇನ್ನೊಂದಕ್ಕೆ ಒರಗಿತು, ಒಂದು ಕಡೆ ದಿಬ್ಬ, ಒಂದು ಕಡೆ ಹಳ್ಳ. ಶನಿವಾರದ ಹೊತ್ತಿಗೆ ತೊಟ್ಟಿ ಹಂದಿ ನುಗ್ಗಿದ ಹೊಲದಂತಾಗಿತ್ತು.

ಇದನ್ನು ನೋಡಿಕೊಂಡು ಒಬ್ಬ ರೈತ ಸುಮ್ಮನಿರಬೇಕು ಎಂದರೆ ಹೇಗೆ? ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ತೋಳು ಮೇಲಕ್ಕೆ ಮಡಿಸಿ, ಬಲಗೈ ಇಳಿಸಿದರು. ಹೂತ ಚಿಪ್ಪುಗಳನ್ನು ಕಿತ್ತರು, ಒಳಗಿದ್ದ ಮೀನನ್ನು ಮೆಲ್ಲನೆ ಅಲ್ಲಾಡಿಸಿ ಆಚೆ ಬಿಟ್ಟರು, ಮರಳು ಮಟ್ಟ ಮಾಡಿದರು, ಮತ್ತೆ ಮೂರು ಸಾಲು ನಾಲ್ಕು ಚಿಪ್ಪು. "ಕೈ ಕೆಸರಾದ್ರೆ ಬಾಯಿ ಮೊಸರು" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಎರಡು ಬಕೆಟ್ ಹಳೆ ನೀರು ತೆಗೆದು ಹೊಸ ನೀರು ಹೊಯ್ದರು. ಮೀನುಗಳು ಸೋಮವಾರದಿಂದ ಮತ್ತೆ ತೋಡತೊಡಗಿದವು. ಮುಂದಿನ ಭಾನುವಾರ ಇವರು ಮತ್ತೆ ಕಿತ್ತರು. ಹೀಗೆ ಮೂರು ತಿಂಗಳು ನಡೆಯಿತು. ಯಾರು ಹೆಚ್ಚು ಹಟಮಾರಿ ಎಂದು ನನ್ನನ್ನು ಕೇಳಿದರೆ ಮೀನು ಎನ್ನುತ್ತೇನೆ, ಅವಕ್ಕೆ ಭಾನುವಾರವೂ ರಜೆ ಇರಲಿಲ್ಲ.

ಮರಿ ಮಾತ್ರ ಕಾಣಲಿಲ್ಲ. ಶಿವಾಜಿನಗರದ ಅಂಗಡಿಗೆ ಹೋದಾಗಲೆಲ್ಲ ಮೀನಿನ ಹುಚ್ಚಿನವರು ನಾಲ್ಕು ಜನ ಕೂತಿರುತ್ತಿದ್ದರು. "ಏನಣ್ಣಾ, ಏನಾದ್ರೂ ವಿಶೇಷ?" ಎಂದು, ಹೊಸ ಸೊಸೆ ಬಂದ ಮನೆಯವರನ್ನು ಕೇಳಿದಂತೆ ಕೇಳುತ್ತಿದ್ದರು. ಇವರು ಮುಖ ಚಿಕ್ಕದು ಮಾಡಿಕೊಂಡು ಬರುತ್ತಿದ್ದರು. ನಾನೂ ಒಂದೆರಡು ಸಲ ಹೇಳಿದೆ.

"ಯಜಮಾನ್ರೇ, ಅವು ತಮ್ಮ ಮನೆ ತಾವು ಕಟ್ಕೊಳ್ತಿವೆ. ನೀವು ಪ್ರತಿ ವಾರ ಕೆಡವಿದ್ರೆ ಬಾಣಂತನ ಎಲ್ಲಿ ಮಾಡ್ಕೊಳ್ತವೆ?"

"ಟೀಚರಮ್ಮ, ಪುಸ್ತಕದ ಮಾತು ಬೇರೆ. ಮಣ್ಣು ಬಿಗಿದ್ರೆ ಪೈರು ಬರಲ್ಲ. ಸಡಿಲ ಮಾಡ್ತಾನೇ ಇರ್ಬೇಕು."

"ಇದು ಪೈರಲ್ಲ, ಮೀನು."

"ಎಲ್ಲಾ ಒಂದೇ. ಜೀವ ತಾನೇ?"

ಜನವರಿ ಕಳೆದ ಮೇಲೆ ಅವರ ಸದ್ದು ಅಡಗಿತು. ಒಂದು ಸಂಜೆ ನಾನು ಬಾಡಿಗೆ ಕೊಡಲು ಕೆಳಗಿಳಿದಾಗ ತೊಟ್ಟಿಯ ಮುಂದೆ ಕೂತು ತಮ್ಮ ಬಲಗೈಯನ್ನೇ ಮಗುಚಿ ಮಗುಚಿ ನೋಡುತ್ತಿದ್ದರು. "ಟೀ ಅಂಗಡೀಲಿ ಅಂದಿದ್ದೇ ಸರಿ ಇರ್ಬೇಕು. ಈ ಕೈಯಲ್ಲಿ ಮೊದಲಿನ ಗುಣ ಇಲ್ಲ" ಎಂದರು.

ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಚಿಕ್ಕಮುನಿಯಮ್ಮನಿಗೆ ಸಿಟ್ಟು ಬಂತು. "ಮೊದಲಿನ ಗುಣ! ಮೊದಲ ಹಿಡಿ ಹಾಕಿ ಹೆಗಲಿಗೆ ಶಾಲು ಹೊದಿಸ್ಕೊಂಡು ಬತ್ತಿದ್ರಿ. ಆ ಬೀಜಕ್ಕೆ ತೆನೆ ಆರಿಸ್ತಿದ್ದೋರು ಯಾರು? ಬೂದಿ ಕಲಸಿ ಮಡಕೆಗೆ ತುಂಬಿ, ವರ್ಷ ಪೂರ್ತಿ ಹುಳ ಬೀಳ್ದಂಗೆ ಕಾಯ್ತಿದ್ದೋರು ಯಾರು?"

"ಅದು ಮನೆ ಕೆಲಸ ಕಣೇ. ಅದಕ್ಕೂ ಕೈಗುಣಕ್ಕೂ ಏನು ಸಂಬಂಧ?" ಎಂದರು ಅವರು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಧಾಟಿ ಅದು. ಚಿಕ್ಕಮುನಿಯಮ್ಮ ಮೊರ ತಟ್ಟಿಕೊಂಡು ಒಳಗೆ ಹೋದರು.

ಫೆಬ್ರವರಿಯ ಎರಡನೆಯ ಭಾನುವಾರ ಮುನಿಆಂಜನಪ್ಪನವರು ಎಂದಿನಂತೆ ಚಿಪ್ಪುಗಳನ್ನು ಕಿತ್ತು ಸಾಲು ಹಚ್ಚಿ, ಹಳೆ ನೀರಿನ ಬಕೆಟ್ ಹೊತ್ತು ತಿರುಗಿದವರು ತಾವೇ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ಜಾರಿದರು. ಬಲಗೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. ಗುರುತಿನ ನಾಟಿ ವೈದ್ಯರೊಬ್ಬರು ಎಣ್ಣೆ ಸವರಿ, ಬಿದಿರು ದಬ್ಬೆ ಇಟ್ಟು, ಬೆರಳಿನ ತುದಿಯಿಂದ ಮೊಣಕೈವರೆಗೆ ಬಟ್ಟೆ ಸುತ್ತಿ ಕಟ್ಟಿದರು. ನಲವತ್ತೈದು ದಿನ ನೀರು ಸೋಕಿಸಬಾರದು ಎಂದರು.

ಇನ್ನು ಎಡಗೈ ಇತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಮುನಿಆಂಜನಪ್ಪನವರು ನನ್ನನ್ನು ನೋಡಿದ ರೀತಿಗೆ ನಾನು ಓದಿದ್ದೆಲ್ಲ ದಂಡ ಎನಿಸಿತು.

"ಬಿತ್ತೋ ಕೈ ಬಲಗೈ ಟೀಚರಮ್ಮ. ಜೀವ ಇರೋದಕ್ಕೆ ಎಡಗೈ ಹಾಕ್ತಾರಾ? ಎಡಗೈ ಇರೋದು ಏನಕ್ಕೆ ಅಂತ ನಿಮಗೆ ಗೊತ್ತಿಲ್ವಾ?"

ಹೀಗೆ ಮೀನಿನ ಭಾರ ಚಿಕ್ಕಮುನಿಯಮ್ಮನ ಮೇಲೆ ಬಿತ್ತು. ಅವರಿಗೆ ಅದರ ಮೇಲೆ ಯಾವ ಪ್ರೀತಿಯೂ ಇರಲಿಲ್ಲ, ಪಾತ್ರೆ ಕಳೆದುಕೊಂಡ ಸಿಟ್ಟಿತ್ತು. ಬೆಳಗ್ಗೆ ಕಸ ಗುಡಿಸಿ ಬಂದು ಮೀನಿನ ಒಣ ಮೇವನ್ನು ಬೆರಳಲ್ಲಿ ನುರಿದು ಒಂದು ಚಿಟಿಕೆ ಹಾಕುವರು, ಸಂಜೆ ದೀಪ ಹಚ್ಚಿ ಇನ್ನೊಂದು ಚಿಟಿಕೆ. ನೀರು ಆರಿ ಇಳಿದರೆ ಒಂದು ಚೊಂಬು ಅಂಚಿನಲ್ಲಿ ಮೆಲ್ಲಗೆ ಬಿಡುವರು. ಅಷ್ಟೇ. ಮರಳಿನ ದಿಬ್ಬ ಅವರ ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ಗಂಡ ಕುರ್ಚಿಯಲ್ಲಿ ಕೂತು, "ಆ ಮೂಲೇದು ಪೂರ್ತಿ ಮುಚ್ಚೋಗಿದೆ, ಸ್ವಲ್ಪ ಎತ್ತಿಡೇ" ಎಂದು ಗೋಗರೆದರೆ, "ನನಗೆ ಬೇರೆ ಕೆಲಸ ಐತೆ" ಎಂದು ಹೋಗಿಬಿಡುವರು. ಮೀನುಗಳು ಹನ್ನೆರಡು ಚಿಪ್ಪನ್ನೂ ತಮಗೆ ಬೇಕಾದ ಹಾಗೆ ಹೂತು, ತಾವು ಹಿಡಿದ ಚಿಪ್ಪಿನ ಮುಂದೆ ಒಂದೊಂದು ಕೂತು, ಪಕ್ಕದವರು ಹತ್ತಿರ ಬಂದರೆ ಗದರಿಸಿಕೊಂಡು ಸಂಸಾರ ಹೂಡಿದವು.

ಮೂವತ್ತೈದನೆಯ ದಿನವೋ ಮೂವತ್ತಾರನೆಯ ದಿನವೋ, ನಾನು ಶಾಲೆಗೆ ಹೊರಟಿದ್ದಾಗ ಕೆಳಗಿನಿಂದ ಚಿಕ್ಕಮುನಿಯಮ್ಮನ ಕೂಗು ಬಂತು. ಮುನಿಆಂಜನಪ್ಪನವರು ಟೀ ಅಂಗಡಿಗೆ ಹೋಗಿದ್ದರು.

"ಟೀಚರಮ್ಮ, ಬಾರಮ್ಮ ಇಲ್ಲಿ. ಮರಳು ಎದ್ದು ಓಡಾಡ್ತಾ ಐತೆ. ನನ್ನ ಕಣ್ಣಿಗೇನೋ ಬಂದೈತೆ."

ನಾನು ಕನ್ನಡಕ ಒರೆಸಿಕೊಂಡು ಬಗ್ಗಿದೆ. ಮೂಲೆಯ ಚಿಪ್ಪಿನ ಬಾಯಿಯ ಸುತ್ತ, ಸಾಸಿವೆಗಿಂತ ಸಣ್ಣವು, ಎರಡು ಕಣ್ಣು ಬಿಟ್ಟರೆ ಮೈಯೇ ಕಾಣದಂಥವು, ತಟಕ್ಕನೆ ಒಂದು ಸಲ ಎಗರಿ ಮತ್ತೆ ಮರಳಿನ ಮೇಲೆ ಕೂರುತ್ತಿದ್ದವು. ಹದಿನಾಲ್ಕರವರೆಗೆ ಎಣಿಸಿದೆ. ತಾಯಿ ಮೀನು ಮುಂದೆ ಬಂದು ನನ್ನ ಮೂಗನ್ನು ದುರುಗುಟ್ಟಿ ನೋಡಿತು.

"ಮರಿ ಕಣಮ್ಮ! ಮರಿ ಹಾಕಿದೆ!"

ಚಿಕ್ಕಮುನಿಯಮ್ಮನ ಮುಖ ಒಂದು ಕ್ಷಣ ಅರಳಿತು. ಗಂಡನನ್ನು ಚುಡಾಯಿಸಲು ಆಯುಷ್ಯಕ್ಕಾಗುವಷ್ಟು ಸರಕು ಸಿಕ್ಕಿತಲ್ಲ ಎಂದು ನಾನಂದುಕೊಂಡೆ. ಅಷ್ಟರಲ್ಲಿ ಆ ಮುಖ ಬಾಡಿತು.

"ಈವಯ್ಯಂಗೆ ಹೇಳ್ಬೇಡ ಕಣಮ್ಮ."

"ಯಾಕೆ?"

"ಕೈ ಮುರ್ಕೊಂಡು ಕೂತ್ಮೇಲೆ ಮರಿ ಆಯ್ತು ಅಂದ್ರೆ ಏನಂದ್ಕೊತಾರೆ? ಆ ಕೈನಿಂದ್ಲೇ ಆಗ್ದೆ ಇತ್ತು ಅಂತ ತಾನೇ? ಮೊದ್ಲೇ ನೊಂದೈತೆ ಜೀವ. ಕಟ್ಟು ಬಿಚ್ಲಿ. ಒಂದು ಸಲ ಕೈ ಆಡಿಸ್ಲಿ. ಆಮೇಲೆ ನೋಡ್ದಂಗೆ ಮಾಡಾಣ. ತನ್ನಿಂದ್ಲೇ ಆಯ್ತು ಅನ್ಕೊಳ್ಲಿ ಬುಡು."

ಬೆಳಗಿನಿಂದ ಸಂಜೆವರೆಗೆ ಗಂಡನ ಕಾಲೆಳೆಯುವ ಹೆಂಗಸು ಹೇಳಿದ ಮಾತು ಇದು. ಕಟ್ಟು ಬಿಚ್ಚಿ ಕೈ ಆಡಿಸಿದರೆ ಮರಿಗಳ ಗತಿಯೇನು ಎಂದು ಕೇಳಲಿಲ್ಲ. ಒಪ್ಪಿದೆ. ಆ ದಿನದಿಂದ ಚಿಕ್ಕಮುನಿಯಮ್ಮ ತೊಟ್ಟಿಯ ಆ ಮೂಲೆಗೆ ಒಂದು ಕ್ಯಾಲೆಂಡರ್ ಒರಗಿಸಿಟ್ಟರು. ಬಿಸಿಲು ಬೀಳುತ್ತದೆ ಎಂಬ ನೆಪ. ಆ ಪಡಸಾಲೆಗೆ ಬಿಸಿಲು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕ್ಯಾಲೆಂಡರನ್ನು ಸೊಟ್ಟಗೆ ಇಟ್ಟಿದ್ದರೂ ಮುನಿಆಂಜನಪ್ಪನವರು ಎದ್ದು ನೇರ ಮಾಡಲಿಲ್ಲ. ಅದೇ ನಮಗೆ ಸೂಚನೆಯಾಗಬೇಕಿತ್ತು, ಆಗಲಿಲ್ಲ.

ಕಟ್ಟು ಬಿಚ್ಚಲು ಎರಡು ದಿನ ಇರುವಾಗ, ಭಾನುವಾರ, ಶೌಕತ್ ಬಂದರು. ಕೈ ಮುರಿದ ಸುದ್ದಿ ತಡವಾಗಿ ಮುಟ್ಟಿತ್ತಂತೆ, ಒಂದು ಡಜನ್ ಮೂಸಂಬಿ ತಂದಿದ್ದರು. ಕೂತು ಕೈ ವಿಚಾರಿಸಿ ಮುಗಿಸಿದ್ದೇ ಅವರ ಕಣ್ಣು ತೊಟ್ಟಿಗೆ ಹೋಯಿತು. ಚಿಕ್ಕಮುನಿಯಮ್ಮ ಅಡ್ಡ ಬರುವಷ್ಟರಲ್ಲಿ ಕ್ಯಾಲೆಂಡರ್ ಎತ್ತಿಬಿಟ್ಟರು.

"ಯಾ ಅಲ್ಲಾ! ಮುನಿಯಣ್ಣಾ, ಇದೇನಿದು! ಎರಡು ಈಡು ಮರಿ! ಇಲ್ಲಿ ನೋಡು, ಇವು ದೊಡ್ಡವು, ಇವು ಈಗ ಹುಟ್ಟಿದ್ದು! ನಮ್ಮ ಅಂಗಡೀಲಿ ಒಂದು ವರ್ಷ ತಲೆ ಕೆಡಿಸ್ಕೊಂಡ್ವಿ. ಏನು ಕೈ ಅಣ್ಣಾ ನಿಂದು!"

"ಹೂಂ ಮತ್ತೆ, ಇವರ ಕೈಗುಣ ಅಂದ್ರೆ ಊರಿಗೇ ಗೊತ್ತು" ಎಂದು ಚಿಕ್ಕಮುನಿಯಮ್ಮ ತಡವರಿಸದೆ ಹೇಳಿದರು. "ಅವತ್ತು ಬೀಳೋ ಮುಂಚೆ ಚೆಂದಾಗಿ ಹದ ಮಾಡಿದ್ರಲ್ಲ, ಅದಕ್ಕೇ ಕಚ್ಕೊಂಡೈತೆ." ಹೇಳಿ ನನ್ನ ಕಡೆ ನೋಡಿದರು. ನಾನು ವಿಜ್ಞಾನದ ಟೀಚರು. ಆದರೂ ತಲೆ ಅಲ್ಲಾಡಿಸಿದೆ.

"ಸುಮ್ನಿರೇ" ಎಂದರು ಮುನಿಆಂಜನಪ್ಪನವರು.

ದನಿ ಏರಿಸಿರಲಿಲ್ಲ.

"ಎಂಟು ದಿನದಿಂದ ನೋಡ್ತಾ ಇದ್ದೀನಿ. ನೀವಿಬ್ರೂ ಮುಚ್ಚಿಡೋದನ್ನೂ ನೋಡ್ತಾ ಇದ್ದೀನಿ. ನನಗೆ ಕಣ್ಣು ಮುರಿದಿಲ್ಲ, ಕೈ ಮುರಿದಿರೋದು." ಬಟ್ಟೆ ಸುತ್ತಿದ ಕೈಯನ್ನು ಎತ್ತಿ ಶೌಕತ್‌ಗೆ ತೋರಿಸಿದರು. "ನೋಡು ಸಾಬ್, ಈ ಕೈ ಹಾಕ್ತಿದ್ದಷ್ಟು ದಿನ ಅವು ನೆಲೆ ನಿಲ್ಲಲಿಲ್ಲ. ಇವಳು ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಹಾಕಿ ತನ್ನ ಕೆಲಸಕ್ಕೆ ಹೋದ್ಲು. ನಿಂತ್ಕೊಂಡ್ವು. ಕೈಗುಣ ನಂದಲ್ಲ, ಇವಳದ್ದು. ಮೊದಲಿಂದ್ಲೂ ಇವಳದ್ದೇ ಇತ್ತು ಅನ್ಸುತ್ತೆ. ನಾನು ಸುಮ್ನೆ ಶಾಲು ಹೊದಿಸ್ಕೊಂಡೆ."

ನಲವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಹೆಂಡತಿಯ ಬಗ್ಗೆ ಪರರ ಎದುರಿಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಚಿಕ್ಕಮುನಿಯಮ್ಮನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಒಣಗಿಯೇ ಇದ್ದ ಕೈಯನ್ನು ಸೆರಗಿನಲ್ಲಿ ಎರಡು ಸಲ ಒರೆಸಿಕೊಂಡರು. "ಸಾಬರ ಮುಂದೆ ಏನೇನೋ ಮಾತಾಡ್ಬೇಡಿ. ಕಾಫಿ ತತ್ತೀನಿ" ಎಂದು ಒಳಗೆ ಹೋದರು. ಕಾಫಿ ಬರಲು ಬಹಳ ಹೊತ್ತಾಯಿತು. ಪಾತ್ರೆಯ ಸದ್ದೂ ಇರಲಿಲ್ಲ, ಸ್ಟೋವಿನ ಸದ್ದೂ ಇರಲಿಲ್ಲ. ನಾವು ಯಾರೂ ಒಳಗೆ ಹೋಗಿ ನೋಡಲಿಲ್ಲ.

ಕೊನೆಗೆ ಲೋಟಗಳನ್ನು ಹಿಡಿದು ಬಂದಾಗ ಅವರ ಕಣ್ಣು ಕೆಂಪಗಿತ್ತು, ಬಾಯಿ ಮಾತ್ರ ಮೊದಲಿನದೇ. ಶೌಕತ್ ತೋಳು ಮಡಿಸಿ, ಮರಿ ಎಣಿಸಲು ಒಂದು ಚಿಪ್ಪು ಎತ್ತೋಣವೆಂದು ತೊಟ್ಟಿಯ ಮೇಲೆ ಬಗ್ಗಿದ್ದರು.

"ಸಾಬ್ರೇ, ಕೈ ತೆಗೀರಿ."

ಶೌಕತ್ ಕೈ ತೆಗೆದರು. ಮುನಿಆಂಜನಪ್ಪನವರು ಎಷ್ಟೋ ತಿಂಗಳ ಮೇಲೆ ಗಟ್ಟಿಯಾಗಿ ನಕ್ಕರು. ಆಮೇಲೆ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಬಂದು, "ನಾನು ನೋಡ್ಬೋದೇನೇ?" ಎಂದು ಕೇಳಿದರು. ತಮ್ಮದೇ ಮನೆಯಲ್ಲಿ, ತಾವೇ ತಂದಿಟ್ಟ ತೊಟ್ಟಿಯ ಮುಂದೆ ನಿಂತು.

"ನೋಡಿ, ಯಾರು ಬ್ಯಾಡ ಅಂದ್ರು? ಕೈ ಹಿಂದಕ್ಕೆ ಇಟ್ಕೊಂಡು ನೋಡಿ."

ಮುನಿಆಂಜನಪ್ಪನವರು ಒಳ್ಳೆಯ ಕೈಯನ್ನೂ ಕಟ್ಟಿದ ಕೈಯನ್ನೂ ಬೆನ್ನ ಹಿಂದೆ ಸೇರಿಸಿಕೊಂಡು, ನನ್ನ ತರಗತಿಯ ಹುಡುಗರ ಹಾಗೆ ಬಗ್ಗಿ ನಿಂತು ನೋಡಿದರು. ಕಾಫಿ ಆರಿತು. ಚಿಕ್ಕಮುನಿಯಮ್ಮ ಬೈಯದೆ ಅದನ್ನು ಒಳಗೆ ಒಯ್ದು ಬಿಸಿ ಮಾಡಿ ತಂದರು.